ಮೈಕ್‌ಸೆಟ್ ಅಂಗಡಿಯಲ್ಲಿ ಕಿಂಗ್ ಟಬ್ಬಿ

"ಹಾಡಿಲ್ಲ. ವಾದ್ಯ ನುಡಿಸಿಲ್ಲ. ಒಂದು ರಾಗ ಕಟ್ಟಿಲ್ಲ. ಮತ್ತೆ ಅವನು ಯಾವ ಸೀಮೆ ಸಂಗೀತಗಾರ?"

ಕಿಂಗ್ ಟಬ್ಬಿ ಬಗ್ಗೆ ಮೇಷ್ಟ್ರ ಪ್ರಶ್ನೆ ಇಷ್ಟೇ. ಇದಕ್ಕೆ ಉತ್ತರ ಹೇಳಲು ಹೋಗಿ ಹಳೇ ದಾವಣಗೆರೆಯ ಮೈಕ್‌ಸೆಟ್ ಅಂಗಡಿಯಲ್ಲಿ ನಮ್ಮ ಇಡೀ ಸಂಜೆ ಹೋಯಿತು. ಮಂಡಕ್ಕಿ ಮೆಣಸಿನಕಾಯಿ ಖಾಲಿಯಾಗಿ ಮತ್ತೆ ತರಿಸಿದ್ದಾಯಿತು. ದುಡ್ಡು ಮಾತ್ರ ಮೇಷ್ಟ್ರು ಕೊಡಲಿಲ್ಲ, ಪ್ರಶ್ನೆ ಕೇಳಿದವರು ದುಡ್ಡು ಕೊಡುವ ಪದ್ಧತಿ ಇಲ್ಲವಂತೆ.

ಗಣಪತಿ ಸೀಸನ್ ಮುಗಿದಿತ್ತು. ಊರೂರು ಸುತ್ತಿ ಬಂದ ಬಾಕ್ಸುಗಳು ಮೈತುಂಬ ಗುಲಾಲು ಬಳಿದುಕೊಂಡು ಅಂಗಡಿ ತುಂಬಾ ಬಿದ್ದಿದ್ದವು. ಮೈಕ್ ಮಲ್ಲಣ್ಣ ಒಂದೊಂದನ್ನೇ ಒರೆಸಿ ಟೆಸ್ಟ್ ಮಾಡುತ್ತಿದ್ದರು. ಅವರ ಅಕ್ಕನ ಮಗ ಶಿವು, ಇಂಜಿನಿಯರಿಂಗ್ ಓದುವ ಹುಡುಗ, ಸುಮ್ನೆ ಇರಲಾರದೆ ತನ್ನ ಫೋನನ್ನು ಒಂದು ಬಾಕ್ಸಿಗೆ ಸಿಕ್ಕಿಸಿ ಏನೋ ಹಾಕಿದ. ಮೊದಲು ಡ್ರಮ್ ಬಂತು. ಆಮೇಲೆ ಹೊಟ್ಟೆಯೊಳಗೆ ಗುದ್ದುವಂಥ ಬೇಸ್. ಯಾರೋ ಹಾಡಲು ಬಾಯಿ ತೆಗೆದ, ಅರ್ಧ ಮಾತು ಹೇಳಿದ, ಆ ಅರ್ಧ ಮಾತೇ ಮತ್ತೆ ಮತ್ತೆ ಕೇಳಿಸಿ ದೂರ ಹೋಗಿ ಮಾಯವಾಯಿತು. ಗಿಟಾರ್ ಒಂದು ಸಲ ಚಕ್ ಅಂದು ಸತ್ತುಹೋಯಿತು. ಬೇಸ್ ಒಂದೇ ಉಳಿಯಿತು.

"ಮಲ್ಲಣ್ಣ, ನಿನ್ನ ವೈರ್ ಲೂಸ್ ಆಗಿದೆ" ಅಂದರು ಮೇಷ್ಟ್ರು.

ಮಲ್ಲಣ್ಣ ಗಾಬರಿಯಿಂದ ಬಾಕ್ಸಿನ ಹಿಂದೆ ಹೋಗಿ ಪಿನ್ ಅಲ್ಲಾಡಿಸಿದರು. ಮತ್ತೆ ಗಿಟಾರ್ ಬಂತು. "ನೋಡಿ, ಸರಿ ಮಾಡಿದೆ" ಅಂದರು. ಅಷ್ಟರಲ್ಲಿ ಡ್ರಮ್ ಮಾಯ.

"ಮಾವ, ಬಾಕ್ಸ್ ಚೆನ್ನಾಗೇ ಇದೆ. ಹಾಡೇ ಹಾಗಿದೆ" ಅಂತ ಶಿವು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಇದು ಜಮೈಕಾದ್ದು. ಕಿಂಗ್ ಟಬ್ಬಿ ಅಂತ ಒಬ್ಬ ಇದ್ದ. ಬೇಕು ಅಂತಲೇ ಹಿಂಗೆ ಮಾಡಿದ್ದಾನೆ."

ಬೇಕು ಅಂತಲೇ ಹಾಡು ಕೆಡಿಸುವ ಮನುಷ್ಯ ಇದ್ದ ಅಂದ ಮೇಲೆ ಕುರ್ಚಿ ಹತ್ತಿರ ಎಳೆದುಕೊಳ್ಳದೆ ಇರಲು ಆಗುತ್ತದಾ?

ಶಿವು ಮೊಬೈಲ್ ನೋಡದೆಯೇ ಕಥೆ ಹೇಳಿದ, ಅಷ್ಟು ಬಾಯಿಪಾಠ. ಪರೀಕ್ಷೆಗೆ ಹೀಗೆ ಓದಿದ್ದರೆ ಮಲ್ಲಣ್ಣನ ಅಕ್ಕ ದುಗ್ಗಮ್ಮನಿಗೆ ಅಷ್ಟೊಂದು ಹರಕೆ ಹೊರಬೇಕಾಗಿರಲಿಲ್ಲ. ಟಬ್ಬಿಯ ನಿಜ ಹೆಸರು ಆಸ್ಬರ್ನ್ ರಡಕ್. 1941ರ ಜನವರಿ 28ರಂದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ. ಬೆಳೆದದ್ದು ವಾಟರ್‌ಹೌಸ್ ಎಂಬ ಬಡವರ ಬಡಾವಣೆಯಲ್ಲಿ. ಕಲಿತ ಕೆಲಸ ರೇಡಿಯೋ ರಿಪೇರಿ. ಜೊತೆಗೆ ಟ್ರಾನ್ಸ್‌ಫಾರ್ಮರ್ ಸುತ್ತುತ್ತಿದ್ದ, ಕರೆಂಟು ಏರಿಳಿಯದಂತೆ ಹೋಟೆಲುಗಳಿಗೆ ಸ್ಟೆಬಿಲೈಸರ್ ಮಾಡಿ ಕೊಡುತ್ತಿದ್ದ.

ಅಲ್ಲಿಯವರೆಗೆ ಸುಮ್ಮನೆ ಮಂಡಕ್ಕಿ ಮುಕ್ಕುತ್ತಿದ್ದ ಬಾಷಾಭಾಯಿ ಕೈ ಒರೆಸಿಕೊಂಡರು. ಪಕ್ಕದ ಮೋಟಾರ್ ವೈಂಡಿಂಗ್ ಅಂಗಡಿ ಅವರದು. ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳೆಲ್ಲ ಅವರ ಬಾಗಿಲಿಗೇ ಬರುತ್ತವೆ.

"ಏನಂದೆ? ವೈಂಡಿಂಗ್ ಮಾಡ್ತಿದ್ದನಾ?"

"ಹೌದು ಚಾಚಾ. ತನ್ನ ಕೈಯಾರೆ."

"ಹಾಗಾದರೆ ದೊಡ್ಡ ಮನುಷ್ಯ ಬಿಡು" ಅಂದರು ಬಾಷಾಭಾಯಿ. "ಮೇಷ್ಟ್ರೇ, ಹಾಡೋದು ಯಾರು ಬೇಕಾದರೂ ಹಾಡ್ತಾರೆ. ಸುತ್ತು ಎಣಿಸೋವಾಗ ಲೆಕ್ಕ ತಪ್ಪಿದರೆ ಗೊತ್ತಾಗುತ್ತೆ. ತಪ್ಪು ಹಾಡಿದರೆ ಹೊಗೆ ಬರುತ್ತಾ?"

"ನಿನ್ನ ಹಾಡು ಕೇಳಿದವರಿಗೆ ಬರುತ್ತೆ" ಅಂದರು ಮೇಷ್ಟ್ರು.

ಈ ಮೇಷ್ಟ್ರ ಬಗ್ಗೆ ಒಂದು ಮಾತು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಮನೆಯಲ್ಲಿ ಹಾರ್ಮೋನಿಯಂ ಇದೆ, ಭಜನೆಗೆ ನುಡಿಸುತ್ತಾರೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿಕೊಂಡು ಬೆಳೆದವರು. ಕರೆಂಟ್ ಹಾಕಿದರೆ ಮಾತ್ರ ಕೇಳಿಸುವಂಥದ್ದು ಸಂಗೀತವೇ ಅಲ್ಲ ಅನ್ನುವುದು ಅವರ ಗಟ್ಟಿ ನಂಬಿಕೆ.

ಶಿವು ಮುಂದುವರಿಸಿದ. ಆಗಿನ ಕಿಂಗ್‌ಸ್ಟನ್‌ನಲ್ಲಿ ಬಡವರ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಎಲ್ಲಿಂದ ಬರಬೇಕು? ಹಾಡು ಕೇಳಬೇಕೆಂದರೆ ಬಯಲಿಗೆ ಹೋಗಬೇಕು. ಅಲ್ಲಿ ಯಾರಾದರೂ ದೊಡ್ಡ ದೊಡ್ಡ ಬಾಕ್ಸ್, ಆಂಪ್ಲಿಫೈಯರ್, ರೆಕಾರ್ಡು ತಂದು ರಾತ್ರಿಯಿಡೀ ಹಾಕುತ್ತಿದ್ದರು. ಇದಕ್ಕೆ ಸೌಂಡ್ ಸಿಸ್ಟಮ್ ಅನ್ನುತ್ತಿದ್ದರು. ಒಂದೊಂದು ಸೆಟ್ಟಿಗೂ ಒಂದೊಂದು ಹೆಸರು, ಅದರದೇ ಅಭಿಮಾನಿಗಳು. ಎದುರು ಬದುರು ಎರಡು ಸೆಟ್ಟು ನಿಲ್ಲಿಸಿ ಪೈಪೋಟಿ. ಸೋತವನ ಕಡೆಯ ಜನ ಗೆದ್ದವನ ಕಡೆ ನಡೆದುಬಿಡುತ್ತಿದ್ದರು.

"ಇದರಲ್ಲಿ ಹೊಸದೇನಿದೆ?" ಅಂದರು ಮಲ್ಲಣ್ಣ. "ದುಗ್ಗಮ್ಮನ ಜಾತ್ರೆಯಲ್ಲಿ ನಾನು ಮಾಡಿಲ್ವಾ? ಒಂದು ಕಡೆ ನಂದು ಭಕ್ತಿಗೀತೆ. ಎದುರಿಗೆ ಇನ್ನೊಬ್ಬ ಸರ್ಕಸ್ಸಿಗೆ ಹಾಕಿದ್ದ. ಅವನು ಒಂದು ಹಾರ್ನ್ ಏರಿಸಿದರೆ ನಾನು ಇನ್ನೊಂದು ಏರಿಸೋದು. ಕೊನೆಗೆ ಸಿಂಹ ಎದ್ದು ಹೋಯ್ತು."

"ಎಲ್ಲಿಗೆ?"

"ಪಂಜರದ ಆ ಮೂಲೆಗೆ. ಇನ್ನೆಲ್ಲಿಗೆ ಹೋಗುತ್ತೆ, ಜಗಳೂರಿಗಾ?"

ಟಬ್ಬಿಯೂ ಒಂದು ಸೆಟ್ಟು ಕಟ್ಟಿದ. ಹೆಸರು ಟಬ್ಬೀಸ್ ಹೋಮ್‌ಟೌನ್ ಹೈ-ಫೈ. ಬೇರೆಯವರು ಅಂಗಡಿಯಿಂದ ತಂದದ್ದನ್ನು ಅವನು ಮನೆಯಲ್ಲೇ ಬೆಸುಗೆ ಹಾಕಿ ಮಾಡಿಕೊಳ್ಳುತ್ತಿದ್ದ. ಬೇಸ್ ಬೇರೆ, ಟ್ರೆಬಲ್ ಬೇರೆ ಮಾಡಿ ಬಾಕ್ಸುಗಳಿಗೆ ಹಂಚುತ್ತಿದ್ದ. ಹಾಗಾಗಿ ಬೇಸ್ ನೆಲದಲ್ಲಿ ಬರುತ್ತಿತ್ತು, ಮೇಲಿನ ದನಿ ತಲೆಯ ಮೇಲೆ ಹಾಯುತ್ತಿತ್ತು. ಬಯಲಿನಲ್ಲಿ ಎಕೋ ಹಾಕಿ ಮಾತಾಡಿಸಿದ. ಅವನ ಮೈಕ್ ಹಿಡಿದು ಹಾಡಿನ ಮಧ್ಯೆ ಪ್ರಾಸ ಕಟ್ಟಿ ಮಾತಾಡುತ್ತಿದ್ದವನು ಯು-ರಾಯ್. 1970ರಲ್ಲಿ ಈ ಯು-ರಾಯ್‌ನ ಮಾತಿನ ಹಾಡುಗಳೇ ಜಮೈಕಾದಲ್ಲಿ ಎಲ್ಲರಿಗಿಂತ ಮುಂದೆ ಓಡಿದವು. ಅಲ್ಲಿ ಡೀಜೇ ಅಂದರೆ ಹಾಡು ಹಾಕುವವನಲ್ಲ, ಮೈಕ್ ಹಿಡಿದು ಮಾತಾಡುವವನು.

"ಹತ್ತು ಗಂಟೆಗೆ ಪೊಲೀಸರು ಬರ್ತಿರಲಿಲ್ವಾ?" ಇದು ಮಲ್ಲಣ್ಣನ ಮೊದಲ ಗಂಭೀರ ಪ್ರಶ್ನೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದಲ್ಲಿ ನಿಯಮ ಬಂದಾಗಿನಿಂದ ಅವರಿಗೆ ಗಡಿಯಾರ ಕಂಡರೆ ಆಗುವುದಿಲ್ಲ.

"ಬರ್ತಿದ್ದರು ಮಾವ. ಸೆಟ್ಟು ಒಡೆದು ಹಾಕಿ ಹೋಗ್ತಿದ್ದರು."

"ಪಾಪ!" ಅಂದರು ಮಲ್ಲಣ್ಣ. ಅಷ್ಟು ದೂರದ, ಎಂದೂ ಕಾಣದ ಮನುಷ್ಯನಿಗೆ ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಮೇಷ್ಟ್ರು ಮಾತ್ರ ಜಗ್ಗಲಿಲ್ಲ. "ಬಾಡಿಗೆ ಮೈಕ್ ಹಾಕಿದ, ಸರಿ. ಸಂಗೀತಕ್ಕೆ ಬಾ."

ಸಂಗೀತಕ್ಕೆ ಬಂದದ್ದು ಹೀಗೆ. 1960ರ ದಶಕದ ಕೊನೆ. ಡ್ಯೂಕ್ ರೀಡ್ ಎಂಬ ದೊಡ್ಡ ನಿರ್ಮಾಪಕನ ಟ್ರೆಷರ್ ಐಲ್ ಸ್ಟುಡಿಯೋ. ಅಲ್ಲಿಂದ ಸ್ಪ್ಯಾನಿಷ್ ಟೌನ್‌ನ ರಡ್ಡಿ ರೆಡ್‌ವುಡ್ ಎಂಬ ಸೆಟ್ಟಿನ ಮಾಲೀಕ ತನಗಾಗಿಯೇ ಒಂದು ರೆಕಾರ್ಡು ಕೊರೆಸಿಕೊಂಡ, ಅಂದರೆ ಟೇಪಿನಲ್ಲಿದ್ದ ಹಾಡನ್ನು ತಟ್ಟೆಗೆ ಇಳಿಸಿಕೊಂಡ. ಆವತ್ತು ಯಂತ್ರದ ಮುಂದೆ ಕೂತಿದ್ದವನು ಹಾಡುಗಾರರ ದನಿ ಸೇರಿಸಲು ಮರೆತ. ಬರೀ ವಾದ್ಯ ಬಂತು. ರೆಡ್‌ವುಡ್ ಅದನ್ನು ಎಸೆಯಲಿಲ್ಲ. ಬಯಲಿಗೆ ಒಯ್ದು ಮೊದಲು ಪೂರ್ತಿ ಹಾಡು ಹಾಕಿದ, ಆಮೇಲೆ ದನಿ ಇಲ್ಲದ್ದನ್ನು ಹಾಕಿದ. ಜನ ತಾವೇ ಹಾಡಿದರು. ಒಂದು ಸಲ ಕೇಳಿ ಬಿಡಲಿಲ್ಲ, ಮತ್ತೆ ಮತ್ತೆ ಹಾಕಿಸಿದರು. ಅಲ್ಲಿಂದ ಮುಂದೆ ಜಮೈಕಾದಲ್ಲಿ ರೆಕಾರ್ಡಿನ ಒಂದು ಬದಿ ಹಾಡು, ಇನ್ನೊಂದು ಬದಿ ಅದೇ ಹಾಡು ದನಿ ಇಲ್ಲದೆ ಬರುವ ರೂಢಿಯಾಯಿತು. ಅದಕ್ಕೆ ವರ್ಷನ್ ಅಂತ ಹೆಸರು. ಅದೇ ಸ್ಟುಡಿಯೋದಲ್ಲಿ ರೆಕಾರ್ಡು ಕೊರೆಯುವ ಕೆಲಸವನ್ನು ಟಬ್ಬಿಯೂ ಮಾಡಿದ್ದ.

"ಹಾಡಿನಿಂದ ಹಾಡುಗಾರನನ್ನೇ ತೆಗೆದರೆ ಏನು ಉಳಿಯಿತು?" ಅಂದರು ಮೇಷ್ಟ್ರು. "ಮದುವೆಯಿಂದ ಮದುಮಗನನ್ನು ತೆಗೆದ ಹಾಗೆ."

"ಊಟ ಉಳಿಯುತ್ತಲ್ಲ" ಅಂದರು ಬಾಷಾಭಾಯಿ.

"ಇವನು ಪೂರ್ತಿ ತೆಗೆಯಲಿಲ್ಲ ಮೇಷ್ಟ್ರೇ," ಶಿವು ಹೇಳಿದ. "ಮದುಮಗ ಆಗಾಗ ಬಂದು ಮುಖ ತೋರಿಸಿ ಹೋಗ್ತಾನೆ. ಈಗ ಬರ್ತಾನಾ, ಆಗ ಬರ್ತಾನಾ ಅಂತ ನೆಂಟರು ಬಾಗಿಲನ್ನೇ ನೋಡ್ತಾ ಇರ್ತಾರೆ."

ಈ ಮಾತಿಗೆ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. ನನಗೂ ಆಗಲೇ ವಿಷಯ ಹಿಡಿಸಿದ್ದು. ಹಾಡು ಬರೆದವನಿಗೆ, ಹಾಡಿದವನಿಗೆ ಎಲ್ಲವೂ ಮುಖ್ಯವೇ. ಯಾವುದನ್ನು ತೆಗೆದರೂ ನೋವು. ತೆಗೆಯುವ ಧೈರ್ಯ ಬರುವುದು ಹೊರಗಿನವನಿಗೆ, ಅದರಲ್ಲೂ ರೇಡಿಯೋ ಬಿಚ್ಚಿ ಜೋಡಿಸಿದವನಿಗೆ. ಯಾವ ವೈರ್ ತೆಗೆದರೆ ಏನು ನಿಲ್ಲುತ್ತದೆ ಅಂತ ಅವನ ಕೈಗೇ ಗೊತ್ತಿರುತ್ತದೆ.

1970ರ ದಶಕದ ಮೊದಲಲ್ಲಿ ಡೈನಾಮಿಕ್ ಸೌಂಡ್ಸ್ ಎಂಬ ದೊಡ್ಡ ಸ್ಟುಡಿಯೋದವರು ಹೊಸ ಯಂತ್ರ ತಂದುಕೊಂಡರು. ಅವರ ಹಳೇ ಎಂಸಿಐ ಮಿಕ್ಸರನ್ನು, ಅಂದರೆ ಬೇರೆ ಬೇರೆ ದನಿಗಳನ್ನು ಬೆರೆಸುವ ಯಂತ್ರವನ್ನು, ಟಬ್ಬಿ ಕೊಂಡುಕೊಂಡ. ಬನ್ನಿ ಲೀ ಎಂಬ ನಿರ್ಮಾಪಕ ಗೆಳೆಯ ಇದಕ್ಕೆ ನೆರವಾದ. ಬರೀ ನಾಲ್ಕು ಟ್ರ್ಯಾಕ್. ಡ್ರಮ್ ಒಂದು, ಬೇಸ್ ಒಂದು, ಗಿಟಾರ್ ಕೀಬೋರ್ಡ್ ಸೇರಿ ಒಂದು, ದನಿ ಒಂದು, ಹೆಚ್ಚು ಕಡಿಮೆ ಹೀಗೆ. ಇಟ್ಟದ್ದು ವಾಟರ್‌ಹೌಸ್‌ನ ಡ್ರೊಮಿಲಿ ಅವೆನ್ಯೂದ 18ನೇ ನಂಬರಿನ ಮನೆಯಲ್ಲಿ, ತಾಯಿಯ ಮನೆಯ ಮುಂದಿನ ಕೋಣೆಯಲ್ಲಿ. ವಾದ್ಯದವರು ಕೂರುವಷ್ಟು ಜಾಗವೇ ಇಲ್ಲ. ಹಾಡುವವರು ಬಚ್ಚಲುಮನೆಯಲ್ಲಿ ನಿಂತು ಹಾಡಬೇಕು.

"ಬಚ್ಚಲಲ್ಲಾ?" ಮಲ್ಲಣ್ಣನಿಗೆ ಖುಷಿಯೋ ಖುಷಿ. "ಅದಕ್ಕೇ ದನಿ ಅಷ್ಟು ಚೆನ್ನಾಗಿದೆ. ನಾನೂ ಅಲ್ಲೇ ಹಾಡೋದು."

"ಆ ಮನೆಯಲ್ಲಿ ಬೆಳಗ್ಗೆ ಎದ್ದವರು ಸ್ನಾನಕ್ಕೆ ಎಲ್ಲಿಗೆ ಹೋಗ್ತಿದ್ದರು?" ಅಂತ ಬಾಷಾಭಾಯಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಶಿವು ಓದಿದ್ದರಲ್ಲಿ ಅದು ಇರಲಿಲ್ಲ.

ನಿರ್ಮಾಪಕರು ಬೇರೆ ಕಡೆ ರೆಕಾರ್ಡ್ ಮಾಡಿಸಿದ ಟೇಪು ಹಿಡಿದು ಇವನ ಮನೆ ಬಾಗಿಲಿಗೆ ಬರುತ್ತಿದ್ದರು. ಬನ್ನಿ ಲೀ, ಲೀ ಪೆರ್ರಿ, ಅಗಸ್ಟಸ್ ಪ್ಯಾಬ್ಲೋ, ಹೀಗೆ ಸಾಲು ಸಾಲು. ಟಬ್ಬಿ ಟೇಪು ಓಡಿಸುತ್ತ ದನಿ ಏರಿಸಿ ಇಳಿಸುವ ಫೇಡರುಗಳ ಮೇಲೆ ಬೆರಳಿಟ್ಟು, ಆ ಕ್ಷಣಕ್ಕೆ ತೋಚಿದ ಹಾಗೆ ಒಂದನ್ನು ಇಳಿಸುವುದು, ಒಂದನ್ನು ಏರಿಸುವುದು. ಅದೇ ಟೇಪಿನಿಂದ ಇನ್ನೊಮ್ಮೆ ಮಾಡಿದರೆ ಬೇರೆಯದೇ ಹಾಡು. ಮಿಕ್ಸರಿನಲ್ಲಿ ಒಂದು ದೊಡ್ಡ ಗುಂಡಿ ಇತ್ತು. ತಿರುಗಿಸಿದಂತೆ ಕೆಳಗಿನ ದನಿಯೆಲ್ಲ ಹೋಗಿ ಕೊನೆಗೆ ಬರೀ ಛಸ್ ಛಸ್ ಉಳಿಯುತ್ತಿತ್ತು. ಹಿಂದಕ್ಕೆ ತಿರುಗಿಸಿದ ಕೂಡಲೇ ಬೇಸ್ ಧೊಪ್ಪನೆ ಬಂದು ಬೀಳುತ್ತಿತ್ತು. ಬಯಲಲ್ಲಿ ಕುಣಿಯುವವರಿಗೆ ಅಷ್ಟು ಸಾಕು.

"ಎಕೋ ಹೇಗೆ ಕೊಡ್ತಿದ್ದ?" ಮಲ್ಲಣ್ಣನದು ವೃತ್ತಿಯ ಕುತೂಹಲ.

"ಟೇಪಿನಲ್ಲೇ ಮಾವ. ಒಂದು ಹೆಡ್ ಬರೆದುಕೊಳ್ಳುತ್ತೆ, ಸ್ವಲ್ಪ ಮುಂದಿರೋ ಇನ್ನೊಂದು ಹೆಡ್ ಓದುತ್ತೆ. ಮಧ್ಯೆ ಇರೋ ದೂರದಷ್ಟೇ ತಡ. ಓದಿದ್ದನ್ನು ಮತ್ತೆ ಬರೆಯೋಕೆ ಕಳಿಸಿದರೆ ಮತ್ತೆ ಮತ್ತೆ ಕೇಳುತ್ತೆ. ಆದರೆ ಇಡೀ ಹಾಡಿಗೆ ಹಾಕ್ತಿರಲಿಲ್ಲ. ಒಂದು ಮಾತಿಗೆ, ಒಂದು ಡ್ರಮ್ ಏಟಿಗೆ, ಅಷ್ಟೇ."

ಎಕೋ ಅಂದ ಕೂಡಲೇ ಮಲ್ಲಣ್ಣನಿಗೆ ಹರಿಹರದ ಕಡೆಯ ಒಂದು ಮದುವೆ ನೆನಪಾಯಿತು. ಆಗಷ್ಟೇ ಎಕೋ ಮಷೀನು ತಂದಿದ್ದರು. ಹೊಸ ಸಾಮಾನು, ಎಲ್ಲದಕ್ಕೂ ಹಾಕುವ ಆಸೆ. ಮುಯ್ಯಿ ಓದುವಾಗಲೂ ಹಾಕಿಬಿಟ್ಟರು. "ಗೌಡರಿಂದ ನೂರಾ ಒಂದು ರೂಪಾಯಿ" ಅಂತ ಓದಿದರೆ ಪೆಂಡಾಲಿನ ತುಂಬ "ಒಂದು ರೂಪಾಯಿ... ಒಂದು ರೂಪಾಯಿ... ಒಂದು ರೂಪಾಯಿ..."

"ಗೌಡರು ಊಟದ ಎಲೆಯಿಂದ ಎದ್ದು ಬಂದರು ಮಾರಾಯ! ನಾನು ಕೊಟ್ಟಿದ್ದು ನೂರಾ ಒಂದು, ನೀನು ಊರಿಗೆಲ್ಲ ಸಾರಿದ್ದು ಒಂದು ಅಂತ ಕೊರಳಪಟ್ಟಿ ಹಿಡಿದರು. ಅವರನ್ನು ಸಮಾಧಾನ ಮಾಡೋ ಹೊತ್ತಿಗೆ ಇನ್ನೊಬ್ಬ ಬಂದ. ಹನ್ನೊಂದು ರೂಪಾಯಿ ಮುಯ್ಯಿ ಅವಂದು. ಕಿವಿಯಲ್ಲಿ ಮೆತ್ತಗೆ ಹೇಳ್ತಾನೆ, ಅಣ್ಣ, ನನ್ನ ಹೆಸರಿಗೆ ಎಕೋ ಹಾಕು, ದುಡ್ಡಿಗೆ ಬೇಡ."

ಶಿವು ಕುರ್ಚಿಯಿಂದ ಎದ್ದೇಬಿಟ್ಟ. "ಮಾವ! ಅದೇ! ಟಬ್ಬಿ ಮಾಡಿದ್ದು ಅದನ್ನೇ. ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಬೇಡ ಅಂತ ಆರಿಸೋದು!"

"ಹಾಗಾದರೆ ಆ ಹನ್ನೊಂದು ರೂಪಾಯಿಯವನೇ ಕಲಾವಿದ. ನಾನಲ್ಲ" ಅಂದರು ಮಲ್ಲಣ್ಣ. ಇಂಥ ವಿನಯ ಅವರಲ್ಲಿ ಅಪರೂಪ.

ಇನ್ನೊಂದು ವಿಷಯಕ್ಕೆ ಅಂಗಡಿಯಲ್ಲಿ ಹೆಚ್ಚೇ ಗಲಾಟೆಯಾಯಿತು. ಟಬ್ಬಿ ಹತ್ತಿರ ಸ್ಪ್ರಿಂಗ್ ರಿವರ್ಬ್ ಇತ್ತು. ಪೆಟ್ಟಿಗೆಯೊಳಗೆ ಸ್ಪ್ರಿಂಗುಗಳು, ದನಿ ಅದರ ಮೂಲಕ ಹಾಯ್ದು ಗುಯ್‌ಗುಟ್ಟಿಕೊಂಡು ಬರುತ್ತದೆ. ಟಬ್ಬಿ ಹಾಡಿನ ಮಧ್ಯೆ ಆ ಪೆಟ್ಟಿಗೆಗೆ ಗುದ್ದುತ್ತಿದ್ದ. ಸ್ಪ್ರಿಂಗು ಅಲ್ಲಾಡಿ ಗುಡುಗಿನ ಸದ್ದು ಬರುತ್ತಿತ್ತು. ಆ ಗುಡುಗು ರೆಕಾರ್ಡಿನಲ್ಲೂ ಇದೆ, ಶಿವು ಹಾಕಿ ಕೇಳಿಸಿದ.

"ನಾನು ಆಂಪ್ಲಿಗೆ ಗುದ್ದಿದರೆ ಗಿರಾಕಿ ಬಾಡಿಗೆ ಕಡಿಮೆ ಮಾಡ್ತಾನೆ" ಅಂದರು ಮಲ್ಲಣ್ಣ. "ಅವನು ಗುದ್ದಿದರೆ ಕಿಂಗು!"

"ನೀನು ಗುದ್ದೋದು ಕೆಟ್ಟಿದ್ದಕ್ಕೆ. ಅವನು ಗುದ್ದಿದ್ದು ಚೆನ್ನಾಗಿರೋದಕ್ಕೆ" ಅಂದರು ಬಾಷಾಭಾಯಿ.

ಈಗ ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. ಅವರು ಒಪ್ಪುವ ಮುಂಚೆ ಯಾವಾಗಲೂ ಹೀಗೆ ಮಾಡುತ್ತಾರೆ. ಒಪ್ಪದೆ ಇರುವ ಮುಂಚೆಯೂ ಹೀಗೇ ಮಾಡುತ್ತಾರೆ.

"ಕಂಪನಿ ನಾಟಕದಲ್ಲಿ ಒಂದು ನೋಡಿದ್ದೇನೆ," ಅಂದರು. "ನಟ ತಾರಕಕ್ಕೆ ಹೋಗಿ ನಿಲ್ಲಿಸಿದಾಗ ಹಾರ್ಮೋನಿಯಂ ಮಾಸ್ತರು ಕೈ ಎತ್ತಿಬಿಡ್ತಿದ್ದರು. ತಬಲಾನೂ ನಿಲ್ತಿತ್ತು. ಬರೀ ಗಂಟಲು. ಚಪ್ಪಾಳೆ ಬೀಳ್ತಿದ್ದದ್ದು ಆಗಲೇ."

"ಮತ್ತೆ ಒಪ್ಪಿದಿರಲ್ಲ!"

"ಎಲ್ಲಿ ಒಪ್ಪಿದೆ? ಕೈ ಎತ್ತಿದ ಮಾಸ್ತರಿಗೆ ನುಡಿಸೋಕೂ ಬರ್ತಿತ್ತು. ನಿನ್ನ ಟಬ್ಬಿಗೆ ಬರ್ತಿತ್ತಾ?"

"ಅವನು ಮಿಕ್ಸರನ್ನೇ ನುಡಿಸಿದ ಮೇಷ್ಟ್ರೇ."

"ಮಿಕ್ಸರಲ್ಲಿ ಚಟ್ನಿ ಮಾಡ್ತಾರೆ" ಅಂತ ಮೇಷ್ಟ್ರು ವಿಷಯ ಮುಗಿಸಿದರು. ಇದಕ್ಕೆ ಅವರ ಹತ್ತಿರ ಬೇರೆ ಉತ್ತರ ಇರಲಿಲ್ಲ ಅಂತಲೇ ನನ್ನ ಅನುಮಾನ.

ಹೆಸರು ಮಾತ್ರ ಮೇಷ್ಟ್ರ ಒಪ್ಪಿಗೆಗೆ ಕಾಯಲಿಲ್ಲ. ರೆಕಾರ್ಡಿನಲ್ಲಿ ಹಾಡುಗಾರನ ಹೆಸರು ದೊಡ್ಡದಾಗಿ, ಯಂತ್ರದ ಮುಂದೆ ಕೂತವನ ಹೆಸರು ಇದ್ದರೆ ಇರುವೆಯಷ್ಟು ಹಾಕುವ ಕಾಲ ಅದು. ಅಂಥ ಕಾಲದಲ್ಲಿ ಪ್ಯಾಬ್ಲೋ ಜೊತೆ ಮಾಡಿದ 1976ರ ಆಲ್ಬಮ್ಮಿನ ಹೆಸರೇ ಕಿಂಗ್ ಟಬ್ಬಿಯಿಂದ ಶುರುವಾಗುತ್ತದೆ. ಜನ ಹಿಂಬದಿ ಕೇಳಲೆಂದೇ ರೆಕಾರ್ಡು ಕೊಳ್ಳತೊಡಗಿದರು. ಈ ಬಗೆಯ ಸಂಗೀತಕ್ಕೆ ಡಬ್ ಅಂತ ಹೆಸರು ಬಂತು, ಅದು ಲಂಡನ್ನಿಗೆ ಹೋಯಿತು, ಅಲ್ಲಿಂದ ಎಲ್ಲ ಕಡೆ ಹಬ್ಬಿತು. ಈಗ ನಮ್ಮ ಗಣಪತಿ ಮೆರವಣಿಗೆಯಲ್ಲಿ ಡಿಜೆ ಹುಡುಗರು ಬೇಸ್ ಕಿತ್ತು, ಜನ ಕೂಗುವ ತನಕ ಕಾಯಿಸಿ, ಮತ್ತೆ ಬಿಡುತ್ತಾರಲ್ಲ, ಆ ಆಟವನ್ನು ಆ ಮುಂದಿನ ಕೋಣೆಯಲ್ಲಿ ಆಗಲೇ ಆಡಿ ಮುಗಿಸಿದ್ದರು.

ಶಿಷ್ಯರೂ ಬಂದರು. ಹೋಪ್‌ಟನ್ ಬ್ರೌನ್ ಎಂಬ ಹುಡುಗ ಆಂಪ್ಲಿಫೈಯರ್ ಕಟ್ಟಲು ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೊಳ್ಳಲು ಬಂದವನು ಅಲ್ಲೇ ಉಳಿದ. ಮುಂದೆ ಸೈಂಟಿಸ್ಟ್ ಎಂಬ ಹೆಸರಿನಲ್ಲಿ ಅವನೇ ದೊಡ್ಡ ಡಬ್ ಕಲಾವಿದನಾದ.

ಇದನ್ನು ಕೇಳಿ ಬಾಷಾಭಾಯಿ ತಮ್ಮ ಅಂಗಡಿಯತ್ತ ತಿರುಗಿದರು. ಅಲ್ಲಿ ಅವರ ಕೆಲಸದ ಹುಡುಗ ತಾಮ್ರದ ತಂತಿ ಕೈಯಲ್ಲಿಟ್ಟುಕೊಂಡು ರೀಲ್ಸ್ ನೋಡುತ್ತಿದ್ದ. "ನಂದೂ ಒಬ್ಬ ಇದ್ದಾನೆ ಸೈಂಟಿಸ್ಟು" ಅಂದರು.

ಇನ್ನೊಬ್ಬ ಶಿಷ್ಯ ಲಾಯ್ಡ್ ಜೇಮ್ಸ್, ಅಂದರೆ ಜ್ಯಾಮಿ. ಇವನು ಗುರುವಿನ ಕಾಲದ್ದನ್ನೇ ಹಿಂದೆ ಹಾಕಿದ. 1985ರಲ್ಲಿ ವೇಯ್ನ್ ಸ್ಮಿತ್ ಎಂಬ ಗಾಯಕನ ಹಾಡಿಗೆ ಕ್ಯಾಸಿಯೋದ ಎಂಟಿ-40 ಎಂಬ ಚಿಕ್ಕ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ ತಾಳವನ್ನೇ ಬಳಸಿದ. ಜಪಾನಿನಲ್ಲಿ ಆ ತಾಳ ಮಾಡಿಟ್ಟವರು ಒಕುಡಾ ಹಿರೋಕೊ ಎಂಬ ಹೆಣ್ಣುಮಗಳು, ಸಂಗೀತ ಓದಿ ಕೆಲಸಕ್ಕೆ ಸೇರಿದ ಹೊಸತರಲ್ಲಿ. ವಾದ್ಯದ ತಂಡವಿಲ್ಲ. ಜಮೈಕಾ ಪೂರ್ತಿ ಅದರ ಹಿಂದೆ ಓಡಿತು. ಟಬ್ಬಿ ಕೂತು ಅಳಲಿಲ್ಲ. ಅದೇ ಹೊತ್ತಿಗೆ ವಾಟರ್‌ಹೌಸ್‌ನಲ್ಲೇ ಹೊಸ ಸ್ಟುಡಿಯೋ ಕಟ್ಟಿದ. ಫೈರ್‌ಹೌಸ್ ಎಂಬ ಹೆಸರಿನಲ್ಲಿ ಕಂಪ್ಯೂಟರ್ ತಾಳದ ಹಾಡುಗಳನ್ನು ತಾನೇ ನಿರ್ಮಾಪಕನಾಗಿ ಹೊರತಂದ.

"ಆಮೇಲೆ?"

ಆಮೇಲಿನದನ್ನು ಶಿವು ಬೇಗ ಹೇಳಿ ಮುಗಿಸಿದ. 1989ರ ಫೆಬ್ರುವರಿ 6. ಕೆಲಸ ಮುಗಿಸಿ ರಾತ್ರಿ ಮನೆಗೆ ಬಂದ ಟಬ್ಬಿಯನ್ನು ಮನೆ ಬಾಗಿಲಲ್ಲೇ ಯಾರೋ ಗುಂಡಿಟ್ಟು ಕೊಂದರು. 48 ವರ್ಷ. ಕಳ್ಳತನಕ್ಕೆ ಬಂದವರಿರಬೇಕು ಅಂದರು. ಯಾರೂ ಸಿಕ್ಕಿಬೀಳಲಿಲ್ಲ.

ಬಾಷಾಭಾಯಿ ತಲೆ ಅಲ್ಲಾಡಿಸಿದರು. ಮೇಷ್ಟ್ರು, ಅಷ್ಟು ಹೊತ್ತು ಜಗಳ ಆಡಿದವರು, "ಛೇ, ಹಂಗೆ ಆಗಬಾರದಿತ್ತು" ಅಂದರು. ಮಂಡಕ್ಕಿ ಪೊಟ್ಟಣ ಮಡಚುತ್ತ ಕೂತರು.

"ಆ ಮಿಕ್ಸರ್ ಏನಾಯ್ತು?" ಮಲ್ಲಣ್ಣ ಕೇಳಿದರು.

"ಅಮೆರಿಕದ ಸಿಯಾಟಲ್‌ನಲ್ಲಿ ಸಂಗೀತದ ಮ್ಯೂಸಿಯಂ ಇದೆ ಮಾವ. ಅಲ್ಲಿ ಇಟ್ಟರು, ಜನ ನೋಡೋಕೆ."

"ಗಾಜಿನೊಳಗೆ?"

"ಇರಬೇಕು."

"ಅಯ್ಯೋ ದೇವರೇ!" ಮಲ್ಲಣ್ಣ ನಿಜಕ್ಕೂ ನೊಂದುಕೊಂಡರು. "ಹಂಗೆ ಇಡಬಾರದು ಕಣೋ. ಗುಂಡಿ ತಿರುಗಿಸದೆ ಇಟ್ಟರೆ ಒಳಗೆ ಧೂಳು ಕೂತು ಕರಕರ ಅನ್ನೋಕೆ ಶುರುವಾಗುತ್ತೆ. ತಿಂಗಳಿಗೊಮ್ಮೆಯಾದರೂ ಎಲ್ಲ ಒಂದು ರೌಂಡು ತಿರುಗಿಸಬೇಕು. ನಿಂಗೆ ಇಂಗ್ಲಿಷ್ ಬರುತ್ತಲ್ಲ, ಅವರಿಗೊಂದು ಲೆಟರ್ ಹಾಕು."

"ಏನಂತ ಬರೀಲಿ?"

"ನಮ್ಮ ಮಾವ ದಾವಣಗೆರೆಯಲ್ಲಿ ಮೈಕ್‌ಸೆಟ್ ಇಟ್ಟಿದ್ದಾರೆ, ಹೋಗೋ ಬರೋ ಚಾರ್ಜು ಕೊಟ್ಟರೆ ಬಂದು ಸರ್ವಿಸ್ ಮಾಡಿಕೊಡ್ತಾರೆ ಅಂತ ಬರಿ."

"ನನ್ನ ಹೆಸರೂ ಹಾಕು," ಅಂದರು ಬಾಷಾಭಾಯಿ. "ಟ್ರಾನ್ಸ್‌ಫಾರ್ಮರ್ ನೋಡೋರು ಬೇಕಲ್ಲ."